ಕಣ್ಣಿಗೆ ಕಾಣದ ಪೆಟ್ಟೇ ದೊಡ್ಡ ತಲೆನೋವು

ಕಾರ್ಬನ್ ಫೈಬರ್ ವಿಮಾನದ ಮೈಯ ಪದರಗಳು ಒಳಗೊಳಗೇ ಬಿಟ್ಟುಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತೆ, ಅದರ ಅಪಾಯವನ್ನು ಅಳೆಯೋದು ಹೇಗೆ ಅಂತ ಕೇಳಿದ್ದೀರಿ. ನಾನು ವಿಮಾನ ರಿಪೇರಿ ಮಾಡುವ ಹ್ಯಾಂಗರ್‌ನಲ್ಲಿ ಕೆಲಸ ಮಾಡುತ್ತೇನೆ. ಸಾಮಾನ್ಯವಾಗಿ ಎಲ್ಲರೂ ಕೇಳೋದು ‘ಪ್ಲಾಸ್ಟಿಕ್ ವಿಮಾನ ಗಟ್ಟಿ ಇರುತ್ತಾ?’ ಅಂತ. ಅದು ಗಟ್ಟಿಯೇ. ಕಾರ್ಬನ್ ಎಳೆಗಳ ಪದರಗಳನ್ನು ರೆಸಿನ್ ಅನ್ನೋ ಪ್ಲಾಸ್ಟಿಕ್ ಅಂಟಿನಲ್ಲಿ ಕೂಡಿಸಿ ಮಾಡಿದ್ದು; ಬೋಯಿಂಗ್ 787ರ ತೂಕದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಇದೇ ವಸ್ತು. ನೀವು ಕೇಳಿದ್ದೇ ನಿಜವಾದ ಪ್ರಶ್ನೆ.

ಅಲ್ಯೂಮಿನಿಯಂಗೆ ಏನಾದರೂ ತಾಗಿದರೆ ತಗ್ಗು ಬೀಳುತ್ತೆ, ಕಣ್ಣಿಗೆ ಕಾಣುತ್ತೆ. ಕಾರ್ಬನ್ ಹಾಳೆ ಹಾಗಲ್ಲ. ಒಳಕ್ಕೆ ಬಗ್ಗಿ ಮತ್ತೆ ಮೊದಲಿನಂತೆ ನಿಂತುಬಿಡುತ್ತೆ. ಒಳಗೆ ಮಾತ್ರ ಪದರಗಳು ಒಂದಕ್ಕೊಂದು ಬಿಟ್ಟಿರುತ್ತವೆ. ತೆಳು ಭಾಗವಾದರೆ ನಾವು ಇವತ್ತಿಗೂ ನಾಣ್ಯದಿಂದ ತಟ್ಟಿ ನೋಡುತ್ತೇವೆ. ಚೆನ್ನಾಗಿದ್ದ ಕಡೆ ‘ಟಣ್’ ಅನ್ನುತ್ತೆ, ಬಿಟ್ಟ ಕಡೆ ‘ಡಬ್’ ಅಂತ ಮಂಕಾಗುತ್ತೆ. ತೆಂಗಿನಕಾಯಿ ಬಡಿದು ನೋಡಿದ ಹಾಗೇ! ದಪ್ಪ ಭಾಗಕ್ಕೆ ಇದು ಸಾಲದು, ಅಲ್ಟ್ರಾಸೌಂಡ್ ಬೇಕು.

ಹಾಗಾಗಿ ಡಿಸೈನ್ ಮಾಡುವವರು ಪೆಟ್ಟು ಬೀಳಲ್ಲ ಅಂತ ನಂಬಿಕೊಂಡು ಕೂರಲ್ಲ. ಕಂಡೂ ಕಾಣದಂಥ ಪೆಟ್ಟು ಮೊದಲ ದಿನದಿಂದಲೇ ಇದೆ, ಕೊನೆವರೆಗೂ ಯಾರಿಗೂ ಸಿಗಲ್ಲ ಅಂತಲೇ ಲೆಕ್ಕ ಹಾಕುತ್ತಾರೆ. ಆ ಪೆಟ್ಟಿನ ಸಮೇತ, ಹಾರಾಟದಲ್ಲಿ ಬರಬಹುದಾದ ಅತಿ ಹೆಚ್ಚು ಭಾರದ ಒಂದೂವರೆ ಪಟ್ಟನ್ನು ಆ ಭಾಗ ತಡೆಯಬೇಕು. ಬೇಕಂತಲೇ ಪೆಟ್ಟು ಕೊಟ್ಟು, ಸಾವಿರಾರು ಸಲ ಜಗ್ಗಿ ಇದನ್ನು ತೋರಿಸಬೇಕು. ಬಿಸಿ ಮತ್ತು ತೇವ ಸೇರಿದರೆ ರೆಸಿನ್ ಮೆತ್ತಗಾಗುತ್ತೆ, ಆ ಲೆಕ್ಕವೂ ಸೇರಬೇಕು.

2001ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಏರ್‌ಬಸ್ ಎ300 ಬಿತ್ತಲ್ವಾ, ಬಾಲದ ಮೇಲೆ ನೆಟ್ಟಗೆ ನಿಲ್ಲುವ, ಇದೇ ಥರದ ವಸ್ತುವಿನ (ಕಾಂಪೋಸಿಟ್) ಫಿನ್ನೇ ಕಿತ್ತುಬಂದಿತ್ತು. ಹಲವರು ವಸ್ತುವನ್ನೇ ಬೈದರು. ತನಿಖೆಯಲ್ಲಿ ಸಿಕ್ಕಿದ್ದೇ ಬೇರೆ: ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ಅನ್ನು ಪೈಲಟ್ ಆ ಕಡೆ ಈ ಕಡೆ ಜೋರಾಗಿ ತುಳಿದದ್ದರಿಂದ, ಆ ಒಂದೂವರೆ ಪಟ್ಟನ್ನೂ ಮೀರಿದ ಭಾರ ಬಿದ್ದಿತ್ತು.

ನನಗೆ ಜಾಸ್ತಿ ಭಯ ಇರೋದು ನೆಲದ ಮೇಲಿನ ಗಾಡಿಗಳದ್ದು. ಒಮ್ಮೆ ಲಗೇಜ್ ಲೋಡರ್ ಒಂದು ಕಾರ್ಗೋ ಬಾಗಿಲ ಪಕ್ಕ ತಾಗಿತ್ತು. ಹೊರಗೆ ಬೆರಳುದ್ದ ಗೀರು, ಅಷ್ಟೇ. ಸುಮ್ನೆ ಒರೆಸಿ ಕಳಿಸಬಹುದಿತ್ತು. ಆದರೆ ಡ್ರೈವರ್ ತಾನಾಗಿ ಬಂದು ಹೇಳಿದ. ಅಲ್ಟ್ರಾಸೌಂಡ್ ಇಟ್ಟು ನೋಡಿದರೆ, ಒಳಗೆ ಅಂಗೈಗಿಂತ ದೊಡ್ಡ ಜಾಗದಲ್ಲಿ ಪದರ ಬಿಟ್ಟಿತ್ತು. ಆ ವಿಮಾನ ಅವತ್ತು ಹಾರಲಿಲ್ಲ.