ತೋಟದ ಕುದುರೆಯನ್ನು ಮೊಬೈಲಿನಲ್ಲಿ ತೆಗೆದರೆ ತಲೆ ದೊಡ್ಡದು, ಕಾಲು ಗಿಡ್ಡ ಕಾಣುವುದೇಕೆ?

ತಪ್ಪು ಕುದುರೆಯದಲ್ಲ, ನೀವು ನಿಂತ ಜಾಗದ್ದು. ಮೊಬೈಲಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಅದನ್ನು ಹಿಡಿದು ಮೂತಿಯ ಹತ್ತಿರ ಹೋದರೆ ತಲೆ ಹಿಗ್ಗುತ್ತದೆ, ಹಿಂಭಾಗ ಕುಗ್ಗುತ್ತದೆ. ಗತ್ತಿನ ಕುದುರೆಯೂ ಹೇಸರಗತ್ತೆಯಾಗಿಬಿಡುತ್ತದೆ. ಹತ್ತು ಹೆಜ್ಜೆ ಹಿಂದೆ ಸರಿದು ಎರಡು-ಮೂರು ಪಟ್ಟು ಜೂಮ್ ಮಾಡಿ. ಕ್ಯಾಮೆರಾ ಇದ್ದರೆ 85ರಿಂದ 200 ಮಿ.ಮೀ. ಲೆನ್ಸ್ ಸಾಕು. ಮಂಡಿಯೂರಿ ಅದರ ಎದೆಯ ಮಟ್ಟದಿಂದ ತೆಗೆದರೆ ಕಾಲುಗಳ ಉದ್ದ ಮರಳಿ ಬರುತ್ತದೆ. (ಮಳೆಗಾಲವಾದರೆ ಮೊದಲು ಜಿಗಣೆ ನೋಡಿಕೊಳ್ಳಿ.)

ಕೊಡಗಿನಲ್ಲಿ ನಿಜವಾದ ತೊಡಕು ಬೆಳಕಿನದು. ಸಿಲ್ವರ್ ಓಕ್ ನೆರಳಿನಲ್ಲಿ ನಾನು ತೆಗೆದ ಕಂದು ಕುದುರೆ, ಎಲೆಗಳ ನಡುವಿನ ಬಿಸಿಲು ಮೈಮೇಲೆ ಬಿದ್ದು, ಚುಕ್ಕೆ ಜಿಂಕೆಯಂತೆ ಬಂದಿತ್ತು! ಕಾಫಿ ಒಣಗಿಸುವ ಕಣದಂಥ ಬಯಲಿಗೆ ಕರೆತನ್ನಿ. ಮಂಜು ಕವಿದ ಬೆಳಗಾದರೆ ಇನ್ನೂ ಚೆನ್ನ, ಹಿಂದಿನ ಗಿಡ, ಬೇಲಿ, ನೀರಿನ ಪೈಪು ಎಲ್ಲ ಕರಗಿಹೋಗುತ್ತವೆ. ಆದರೆ ಬಿಳಿ ಮಂಜನ್ನು ಕಂಡ ಕ್ಯಾಮೆರಾ ಚಿತ್ರವನ್ನು ಮಂಕಾಗಿಸುತ್ತದೆ. ಎಕ್ಸ್‌ಪೋಷರ್ (ಚಿತ್ರಕ್ಕೆ ಸಿಗುವ ಬೆಳಕು) ತುಸು ಏರಿಸಿ.

ಕಿವಿ ಹಿಂದಕ್ಕೆ ಮಲಗಿದ್ದರೆ ಕುದುರೆ ಮುನಿದಂತೆ ಕಾಣುತ್ತದೆ. ನಿಮ್ಮ ಬೆನ್ನ ಹಿಂದೆ ಯಾರಾದರೂ ಡಬ್ಬಿಯಲ್ಲಿ ಹುರುಳಿ ಅಲುಗಾಡಿಸಲಿ. ಎರಡೂ ಕಿವಿ ಮುಂದಕ್ಕೆ ನಿಮಿರುವ ಆ ಒಂದು ಕ್ಷಣಕ್ಕೆ ಬೆರಳು ಸಿದ್ಧವಿರಲಿ. ಓಡುವ ಕುದುರೆಗೆ ಶಟರ್ ವೇಗ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು) 1/1000 ಸೆಕೆಂಡ್ ಬೇಕು. ಫ್ಲ್ಯಾಶ್ ಬೇಡ. ಕುದುರೆಗೆ ತನ್ನ ನೇರ ಹಿಂಬದಿ ಕಾಣುವುದಿಲ್ಲ, ಆದ್ದರಿಂದ ಭುಜದ ಕಡೆಯಿಂದ ಮಾತನಾಡಿಸುತ್ತಾ ಹತ್ತಿರ ಹೋಗಿ.