ಟ್ರಂಕು ಆಮೇಲೆ ತುಂಬಿಸಿ, ಮೊದಲು ಪಾದ ನೋಡಿಕೊಳ್ಳಿ

ಸೇನಾ ಅಧಿಕಾರಿ ತರಬೇತಿಗೆ ಹೊರಟಿರುವ ಮೈಸೂರು, ಮಂಡ್ಯ ಕಡೆಯ ಹುಡುಗ ಹುಡುಗಿಯರು ಮತ್ತು ಅವರ ಮನೆಯವರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಉತ್ತರ. ಹತ್ತರಲ್ಲಿ ಎಂಟು ಪ್ರಶ್ನೆ ಬೂಟಿನ ಬಗ್ಗೆಯೇ ಇವೆ. ಅದು ಸರಿಯಾಗಿಯೇ ಇದೆ.

ಪ್ರಶ್ನೆ: ಸೇನಾ ಅಧಿಕಾರಿ ಆಯ್ಕೆಯ ಸಿ.ಡಿ.ಎಸ್. ಪರೀಕ್ಷೆ ಬರೆದು, ಎಸ್.ಎಸ್.ಬಿ. ಸಂದರ್ಶನ, ಮೆಡಿಕಲ್ ಎಲ್ಲ ಮುಗಿಸಿದ್ದೇನೆ. ಮೆರಿಟ್ ಲಿಸ್ಟ್‌ನಲ್ಲಿ ಹೆಸರು ಬಂದರೆ ಅಕ್ಟೋಬರ್‌ನಲ್ಲಿ ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಗೆ ಸೇರಬೇಕು. ಈಗಲೇ ಆರ್ಮಿ ಬೂಟು ತಗೊಂಡು ಅದರಲ್ಲೇ ಓಡೋದು ರೂಢಿ ಮಾಡಿಕೋ ಅಂತ ಗೆಳೆಯರು ಹೇಳುತ್ತಾರೆ. ಯಾವ ಬೂಟು ತಗೊಳ್ಳಲಿ?
— ಓದುಗ, ಕುವೆಂಪುನಗರ, ಮೈಸೂರು

ಉತ್ತರ: ಯಾವುದೂ ಬೇಡ. ಡಿ.ಎಂ.ಎಸ್. ಬೂಟು (ರಬ್ಬರ್ ಅಟ್ಟೆಯ ಸೇನಾ ಬೂಟು), ಪರೇಡಿನ ಡ್ರಿಲ್ ಬೂಟು ಎರಡೂ ಅಲ್ಲಿ ಹೋದ ಮೇಲೆ ಸಿಗುತ್ತವೆ. ಇಲ್ಲಿ 'ಆರ್ಮಿ ಬೂಟು' ಅಂತ ಮಾರುವುದರಲ್ಲಿ ಒಳ್ಳೆಯವೂ ಇವೆ, ರಟ್ಟಿನಂಥವೂ ಇವೆ. ಒಳ್ಳೆಯದೇ ಸಿಕ್ಕಿತು ಅಂದುಕೊಳ್ಳಿ, ಆಗಲೂ ಅಲ್ಲಿ ಹಾಕುವುದು ಅವರು ಕೊಟ್ಟದ್ದನ್ನೇ. ಇನ್ನು ಭಾರದ ಬೂಟು ಹಾಕಿ ಟಾರು ರಸ್ತೆಯಲ್ಲಿ ಓಡುವುದನ್ನು ಇವತ್ತೇ ಕೈಬಿಡಿ. ಅದರಿಂದ ಕಾಲು ಗಟ್ಟಿಯಾಗುವುದಕ್ಕಿಂತ ಮೊಣಕಾಲ ಕೆಳಗಿನ ಎಲುಬಿಗೆ ಪೆಟ್ಟು ಬೀಳುವುದೇ ಜಾಸ್ತಿ. ಟ್ರೈನಿಂಗ್ ಶುರುವಾಗುವ ಮೊದಲೇ ಕಾಲು ಕೆಡಿಸಿಕೊಂಡು ಹೋದವರಿಗೆ ಆಗುವ ನಷ್ಟ ಸಣ್ಣದಲ್ಲ. ಆರೋಗ್ಯದ ಕಾರಣಕ್ಕೆ ತರಬೇತಿ ತಪ್ಪುತ್ತಾ ಹೋದರೆ ರೆಲಿಗೇಟ್ ಮಾಡುತ್ತಾರೆ, ಅಂದರೆ ನಿಮ್ಮ ಬ್ಯಾಚಿನವರು ಮುಂದೆ ಹೋಗುತ್ತಾರೆ, ನೀವು ಮುಂದಿನ ಕೋರ್ಸಿನ ಜೊತೆ ಉಳಿಯುತ್ತೀರಿ.

ದುಡ್ಡು ಹಾಕುವುದಾದರೆ ಒಳ್ಳೆಯ ರನ್ನಿಂಗ್ ಶೂಗೆ ಹಾಕಿ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಯಾಕೆಂದರೆ ದಿನವೆಲ್ಲ ಓಡಾಡಿದ ಪಾದ ಸಂಜೆಗೆ ಸ್ವಲ್ಪ ಊದಿರುತ್ತೆ, ಓಡುವಾಗಲೂ ಅಷ್ಟೇ ಊದುತ್ತೆ. ಓಡುವಾಗ ಹಾಕುವ ಸಾಕ್ಸನ್ನೇ ಜೊತೆಗೆ ಒಯ್ಯಿರಿ. ಎರಡೂ ಕಾಲಿಗೆ ಹಾಕಿ ನಿಂತು ನೋಡಿ. ಉದ್ದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಗಲ ಜಾಗ ಇರಬೇಕು, ಹಿಮ್ಮಡಿ ಮೇಲಕ್ಕೆ ಏಳಬಾರದು. ಎರಡು ಪಾದ ಒಂದೇ ಅಳತೆ ಇರುವವರು ಕಡಿಮೆ, ದೊಡ್ಡ ಪಾದಕ್ಕೆ ಸರಿಯಾದ ಸೈಜು ತಗೊಳ್ಳಿ. ಆನ್‌ಲೈನಲ್ಲಿ ತರಿಸುವವರು ಒಂದು ನೆನಪಿಡಿ: ನಮ್ಮ ಸೈಜು ಬ್ರಿಟಿಷ್ ಲೆಕ್ಕ, ಗಂಡಸರ ಶೂನಲ್ಲಿ ನಮ್ಮ 8 ಅಂದರೆ ಅಮೆರಿಕದ 9, ಯುರೋಪಿನ 42ರ ಆಸುಪಾಸು. ಡಬ್ಬದ ಮೇಲೆ ಯಾವ ಲೆಕ್ಕ ಬರೆದಿದೆ ಅಂತ ನೋಡದೆ ತರಿಸಿದರೆ ಒಂದು ಸೈಜು ಹೆಚ್ಚುಕಮ್ಮಿ ಆಗಿಯೇ ಆಗುತ್ತೆ.

ಕಾಲಿಗೆ ಒಗ್ಗಿದರೆ ಅದೇ ಮಾದರಿಯ ಇನ್ನೊಂದು ಜೊತೆ ತಗೊಂಡು ಎರಡನ್ನೂ ದಿನ ಬಿಟ್ಟು ದಿನ ಹಾಕಿ. ಹೊರಡುವ ಹೊತ್ತಿಗೆ ಎರಡೂ ನಿಮ್ಮ ಕಾಲಿಗೆ ಪಳಗಿರುತ್ತವೆ. ಒಂದು ಒದ್ದೆಯಾದರೆ ಇನ್ನೊಂದು ಇರುತ್ತೆ. ಅಕ್ಟೋಬರ್ ಕೋರ್ಸಿನವರಿಗೆ ಇದು ಸುಮ್ನೆ ಹೇಳುವ ಮಾತಲ್ಲ, ಚೆನ್ನೈಗೆ ಹಿಂಗಾರು ಮಳೆ ಬರುವುದೇ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಗೆ ಜುಲೈನಲ್ಲಿ ಸೇರುವವರಿಗೂ ಮುಂಗಾರಿನ ನಡುವೆಯೇ ಶುರು. ನೆಂದ ಶೂವನ್ನು ಬಿಸಿಲಿಗೆ, ಹೀಟರಿಗೆ ಇಡಬೇಡಿ, ಅಂಟು ಬಿಡುತ್ತೆ, ಚರ್ಮ ಸೀಳುತ್ತೆ. ಒಳಗಿನ ಅಟ್ಟೆ ತೆಗೆದು, ಹಳೇ ಪೇಪರ್ ತುರುಕಿ, ಗಾಳಿ ಆಡುವ ನೆರಳಲ್ಲಿಡಿ. ಪೇಪರ್ ಒದ್ದೆಯಾದಂತೆ ಬದಲಾಯಿಸಿ.

ಓಡೋಕೆ ಕುಕ್ಕರಹಳ್ಳಿ ಕೆರೆಯ ಏರಿ ಚೆನ್ನಾಗಿದೆ, ಮಣ್ಣಿನ ದಾರಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದೂ ಒಳ್ಳೆಯದೇ. ಆದರೆ ಇಳಿಯುವಾಗ ಓಡಬೇಡಿ, ಸಾವಿರ ಮೆಟ್ಟಿಲು ಧಡಧಡ ಇಳಿದರೆ ಮೊಣಕಾಲು ಸುಮ್ಮನಿರುತ್ತಾ? ವಾರದ ಓಟವನ್ನು ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಏರಿಸುತ್ತಾ ಹೋಗಿ. ಭಾರ ಹೊತ್ತು ನಡೆಯುವ ಅಭ್ಯಾಸ ಬೇಕು ಅಂದರೆ ಬ್ಯಾಗಿಗೆ ನೀರಿನ ಬಾಟಲಿ ತುಂಬಿ. ಒಂದು ಲೀಟರ್ ಒಂದು ಕೆ.ಜಿ., ಲೆಕ್ಕ ಸುಲಭ, ದಾರಿಯಲ್ಲಿ ಸೊಂಟ ಹಿಡಿದರೆ ಚೆಲ್ಲಿ ಹಗುರ ಮಾಡಿಕೊಳ್ಳಬಹುದು. ಮೊದಲಿಗೆ ಐದು ಲೀಟರ್ ಸಾಕು. ಅದನ್ನು ಹೊತ್ತು ನಡೆಯಿರಿ, ಓಡುವುದು ಬೇಡ.

ಇನ್ನೊಂದು ಮಾತು, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಅಲ್ಲಿ ಸ್ಟೋರಿನಲ್ಲಿ ಬೂಟು ಕೊಡುವ ದಿನ ಹಿಂದೆ ಉದ್ದ ಸಾಲು ಇರುತ್ತೆ, ಎಲ್ಲರಿಗೂ ಅವಸರ. ಆ ಗಡಿಬಿಡಿಯಲ್ಲಿ 'ಆಯ್ತು, ಸರಿಯಾಗಿದೆ' ಅಂದುಬಿಟ್ಟರೆ ಆಮೇಲೆ ತಿಂಗಳುಗಟ್ಟಲೆ ಅನುಭವಿಸುವವರು ನೀವೇ. ದಪ್ಪ ಸಾಕ್ಸ್ ಹಾಕಿ, ಎರಡೂ ಬೂಟಿನ ಲೇಸ್ ಬಿಗಿದು, ನಾಲ್ಕು ಹೆಜ್ಜೆ ನಡೆದು ನೋಡಿ. ಒತ್ತಿದರೆ ಆಗಲೇ ಬದಲಿ ಕೇಳಿ. ಕೇಳಿದ್ದಕ್ಕೆ ಯಾರೂ ತಪ್ಪು ತಿಳಿಯಲ್ಲ. ಸಂಜೆ ರೂಮಿನಲ್ಲಿ ಅದನ್ನೇ ಹಾಕಿಕೊಂಡು ಕೆಲಸ ಮಾಡಿ, ಬೇಗ ಮೆತ್ತಗಾಗುತ್ತೆ.

ಪ್ರಶ್ನೆ: ನಮ್ಮದು ಬೇಸಾಯದ ಮನೆ. ಚಿಕ್ಕಂದಿನಿಂದ ಗದ್ದೆಯಲ್ಲಿ, ನಾಲೆ ಏರಿ ಮೇಲೆ ಬರಿಗಾಲಲ್ಲೇ ಓಡಾಡಿದವನು. ಯಾವ ಶೂ ಹಾಕಿದರೂ ಕಿರುಬೆರಳು ಒತ್ತುತ್ತೆ, ಅಲ್ಲಿ ಆಣಿ ಆಗಿದೆ. ಹಿಮ್ಮಡಿಯೂ ಒಡೆದಿದೆ. ಬರಿಗಾಲಲ್ಲಿ ಓಡಿದರೆ ಯಾರಿಗೂ ಸಿಗಲ್ಲ, ಶೂ ಹಾಕಿದರೆ ಹಿಂದೆ ಬೀಳುತ್ತೇನೆ.
— ಓದುಗ, ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ

ಉತ್ತರ: ನಿಮ್ಮ ಪಾದದಲ್ಲಿ ಏನೂ ದೋಷ ಇಲ್ಲ ತಮ್ಮಾ. ಬರಿಗಾಲಲ್ಲಿ ಬೆಳೆದವರ ಬೆರಳು ಹರಡಿಕೊಂಡಿರುತ್ತವೆ, ಮುಂಗಾಲು ಅಗಲ ಇರುತ್ತೆ, ಪಾದದ ಸ್ನಾಯು ಗಟ್ಟಿ ಇರುತ್ತೆ. ಶೂ ಮಾಡುವ ಅಚ್ಚು ಮಾತ್ರ ಕಿರಿದು. ನಿಮ್ಮಂಥವರು ಮಾಡುವುದೇನು ಅಂದರೆ, ಅಗಲ ಸಾಲದ್ದಕ್ಕೆ ಒಂದು ಸೈಜು ದೊಡ್ಡದು ತಗೊಳ್ಳುತ್ತಾರೆ. ಆಗ ಉದ್ದ ಜಾಸ್ತಿಯಾಗಿ ಹಿಮ್ಮಡಿ ಒಳಗೆ ಜಾರುತ್ತೆ, ಬೊಬ್ಬೆ ಬರುತ್ತೆ.

ಒಂದು ಬಿಳಿ ಹಾಳೆ ಮೇಲೆ ನಿಂತು ಎರಡೂ ಪಾದದ ಸುತ್ತ ಪೆನ್ಸಿಲ್ ಎಳೆಸಿಕೊಳ್ಳಿ. ಅಂಗಡಿಯಲ್ಲಿ ಶೂ ಒಳಗಿನ ಅಟ್ಟೆ ಹೊರತೆಗೆದು ಆ ಗೆರೆಯ ಮೇಲಿಟ್ಟು ನೋಡಿ. ಗೆರೆ ಅಟ್ಟೆಯಿಂದ ತುಂಬಾ ಆಚೆ ಹೋದರೆ ಆ ಶೂ ನಿಮ್ಮದಲ್ಲ. 'ವೈಡ್' ಅಂತಲೇ ಬರುವ ಮಾದರಿಗಳಿವೆ, ಕೇಳಿ. ಹಾಳೆಯನ್ನು ಮಡಿಸಿ ಇಟ್ಟುಕೊಳ್ಳಿ, ಅಕಾಡೆಮಿಯಲ್ಲಿ ಬೂಟು ತಗೊಳ್ಳುವಾಗಲೂ ಉಪಯೋಗಕ್ಕೆ ಬರುತ್ತೆ. ಚರ್ಮದ ಬೂಟಾದರೆ ಒತ್ತುವ ಜಾಗವನ್ನು ಮರದ ಅಚ್ಚು ಹಾಕಿ ಹಿಗ್ಗಿಸಿ ಕೊಡುವವರು ಮಂಡ್ಯ ಪೇಟೆಯಲ್ಲೂ ಸಿಗುತ್ತಾರೆ.

ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಒತ್ತಡ ನಿಂತರೆ ಅದು ತಾನಾಗಿ ಕರಗುತ್ತಾ ಬರುತ್ತೆ. ಕೆತ್ತಿದರೆ ಕೀವಾಗುತ್ತೆ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಕಲ್ಲಿನಿಂದ ಮೆಲ್ಲಗೆ ಉಜ್ಜಿ. ಹಿಮ್ಮಡಿ ಒಡಕಿಗೂ ಅದೇ ಉಜ್ಜು, ಆಮೇಲೆ ವ್ಯಾಸಲೀನ್ ಸವರಿ, ಸಾಕ್ಸ್ ಹಾಕಿ ಮಲಗಿ. ಒಡಕು ರಕ್ತ ಬರುವಷ್ಟು ಆಳ ಇದ್ದರೆ ಹೊರಡುವ ಮುಂಚೆಯೇ ಚರ್ಮದ ಡಾಕ್ಟರಿಗೆ ತೋರಿಸಿ.

ಶೂನಲ್ಲಿ ಹಿಂದೆ ಬೀಳುವುದು ಅಭ್ಯಾಸದ ಕೊರತೆ ಅಷ್ಟೇ. ಮೊದಲು ದಿನವಿಡೀ ಶೂ ಹಾಕಿ ಓಡಾಡಿ, ಹೊಲಕ್ಕೂ ಹಾಕಿಕೊಂಡೇ ಹೋಗಿ. ಓಟ ಆಮೇಲೆ. ನಾಲೆ ಏರಿಯ ಮಣ್ಣಿನ ದಾರಿಗಿಂತ ಒಳ್ಳೆಯ ಟ್ರ್ಯಾಕ್ ಮೈಸೂರಿನವರಿಗೂ ಸಿಗಲ್ಲ. ವಾರಕ್ಕೊಮ್ಮೆ ಬರಿಗಾಲಲ್ಲಿ ಓಡುವುದನ್ನು ಬಿಡಬೇಡಿ, ಆ ಗಟ್ಟಿತನ ನಿಮ್ಮ ಆಸ್ತಿ.

ಪ್ರಶ್ನೆ: ಎನ್.ಸಿ.ಸಿ. ಸ್ಪೆಷಲ್ ಎಂಟ್ರಿಯಲ್ಲಿ, ಅಂದರೆ ಎನ್.ಸಿ.ಸಿ. ಮಾಡಿದವರನ್ನು ಅಧಿಕಾರಿ ತರಬೇತಿಗೆ ತಗೊಳ್ಳುವ ದಾರಿಯಲ್ಲಿ, ಪ್ರಯತ್ನಿಸುತ್ತಿರುವ ಹುಡುಗಿ ನಾನು. ಕ್ಯಾಂಪಿನಲ್ಲಿ ಹುಡುಗರ ಬೂಟೇ ಕೊಟ್ಟಿದ್ದರು, ಹಿಮ್ಮಡಿ ಎದ್ದು ಎದ್ದು ಸಿಪ್ಪೆ ಸುಲಿಯಿತು. ಈಗ ಓಡಿದರೆ ಮೊಣಕಾಲ ಕೆಳಗೆ ಮುಂದುಗಡೆ ನೋವು.
— ಓದುಗಿ, ಸರಸ್ವತಿಪುರಂ, ಮೈಸೂರು

ಉತ್ತರ: ಎರಡು ಬೇರೆ ಬೇರೆ ವಿಷಯ. ಮೊದಲು ಹಿಮ್ಮಡಿ. ಹೆಂಗಸರ ಪಾದದಲ್ಲಿ ಮುಂಗಾಲಿಗೆ ಹೋಲಿಸಿದರೆ ಹಿಮ್ಮಡಿ ಸಣ್ಣದು, ಅದಕ್ಕೇ ಗಂಡಸರ ಬೂಟಿನಲ್ಲಿ ಮುಂದೆ ಸರಿಯಾಗಿದ್ದರೂ ಹಿಂದೆ ಸಡಿಲ. ಲೇಸ್ ಕಟ್ಟುವ ಕ್ರಮ ಬದಲಾಯಿಸಿ. ಮೇಲಿನ ಕೊನೆಯ ಎರಡು ತೂತಿನಲ್ಲಿ, ಆಯಾ ಪಕ್ಕದಲ್ಲೇ ಲೇಸಿನಿಂದ ಒಂದೊಂದು ಕುಣಿಕೆ ಮಾಡಿ, ಬಲದ ಲೇಸನ್ನು ಎಡ ಕುಣಿಕೆಗೆ, ಎಡದ್ದನ್ನು ಬಲ ಕುಣಿಕೆಗೆ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಹಿಂದಕ್ಕೆ ಕೂತು ಅಲ್ಲೇ ನಿಲ್ಲುತ್ತೆ. ಜೊತೆಗೆ ತೆಳು ಸಿಂಥೆಟಿಕ್ ಸಾಕ್ಸ್ ಒಳಗೆ, ಉಣ್ಣೆ ಸಾಕ್ಸ್ ಹೊರಗೆ. ಆಗ ಉಜ್ಜಾಟ ಎರಡು ಸಾಕ್ಸ್‌ಗಳ ನಡುವೆ ನಡೆಯುತ್ತೆ, ಚರ್ಮ ಉಳಿಯುತ್ತೆ. ಬರೀ ಕಾಟನ್ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಇರುತ್ತೆ.

ನೋವಿನ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಎಲುಬಿನ ಉದ್ದಕ್ಕೂ ಹರಡಿದ ನೋವು ಆಗಿದ್ದು, ವಿಶ್ರಾಂತಿಯಲ್ಲಿ ಇಳಿಯುತ್ತಿದ್ದರೆ ಓಟ ಕಡಿಮೆ ಮಾಡಿ, ಸೈಕಲ್ಲೋ ಈಜೋ ಮಾಡಿ, ನಿಧಾನ ಹಿಂದಿರುಗಿ. ಆದರೆ ಬೆರಳಿಟ್ಟು ತೋರಿಸುವಷ್ಟು ಒಂದೇ ಜಾಗದಲ್ಲಿ ನೋವಿದ್ದರೆ, ಮುಟ್ಟಿದರೆ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ಇದ್ದರೆ, ಅದು ಎಲುಬಿನ ಸಣ್ಣ ಬಿರುಕು ಇರಬಹುದು. ಓಟ ಪೂರ್ತಿ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಹೋಗಿ. ಮೊದಲ ವಾರಗಳ ಎಕ್ಸ್‌ರೇಯಲ್ಲಿ ಆ ಬಿರುಕು ಕಾಣದೆ ಹೋಗುವುದುಂಟು, ಅದಕ್ಕೇ 'ಎಕ್ಸ್‌ರೇ ಚೆನ್ನಾಗಿದೆ' ಅಂದ ಮಾತ್ರಕ್ಕೆ ಮತ್ತೆ ಓಡಬೇಡಿ. ಸೇನಾ ತರಬೇತಿಯಲ್ಲಿ ಹುಡುಗಿಯರಿಗೆ ಇದು ಹುಡುಗರಿಗಿಂತ ಜಾಸ್ತಿ ಬರುತ್ತೆ. ತೂಕ ಇಳಿಸೋಕೆ ಊಟ ಬಿಟ್ಟು ಓಡುವುದು ಒಂದು ದೊಡ್ಡ ಕಾರಣ. ಮುಟ್ಟು ತಪ್ಪುತ್ತಿದ್ದರೆ ದೇಹಕ್ಕೆ ಊಟ ಸಾಲುತ್ತಿಲ್ಲ ಅನ್ನುವ ಸೂಚನೆ ಅದು ಇರಬಹುದು, ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಕಬ್ಬಿಣಾಂಶ, ವಿಟಮಿನ್ ಡಿ ಒಮ್ಮೆ ಪರೀಕ್ಷೆ ಮಾಡಿಸಿ. ಮುದ್ದೆ ಬಿಡಬೇಡಿ, 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ.

ಸಾಮಾನಿನಲ್ಲಿ ನಿಮಗೆ ಮುಖ್ಯವಾದದ್ದು ಒಳ್ಳೆಯ ಸ್ಪೋರ್ಟ್ಸ್ ಬ್ರಾ. ಇಲ್ಲೇ ಹಾಕಿ, ಓಡಿ, ಒಗೆದು ಪರೀಕ್ಷಿಸಿದ್ದನ್ನೇ ನಾಲ್ಕೈದು ಒಯ್ಯಿರಿ. 1992ರಿಂದ ಚೆನ್ನೈನಲ್ಲಿ ಹೆಣ್ಣುಮಕ್ಕಳು ತರಬೇತಿ ಪಡೆಯುತ್ತಿದ್ದಾರೆ, ನಿಮ್ಮ ಅಗತ್ಯಗಳನ್ನು ಅಲ್ಲಿ ಕೇಳೋಕೆ ಸಂಕೋಚ ಬೇಡ.

ಪ್ರಶ್ನೆ: ಮಗನಿಗೆ ಸೀಟು ಸಿಕ್ಕಿದೆ. ಟ್ರಂಕು, ಸೂಟು, ಮಿಲಿಟರಿ ಬಟ್ಟೆ ಅಂತ ಅಂಗಡಿಯವರು ದೊಡ್ಡ ಪಟ್ಟಿ ಕೊಟ್ಟಿದ್ದಾರೆ. ಸಾಲ ಮಾಡಿಯಾದರೂ ತರಬೇಕಾ?
— ಒಬ್ಬ ತಾಯಿ, ಮದ್ದೂರು

ಉತ್ತರ: ಅಮ್ಮಾ, ಸಾಲ ಖಂಡಿತ ಬೇಡ. ಅಕಾಡೆಮಿಯಿಂದ ಬರುವ ಜಾಯ್ನಿಂಗ್ ಇನ್‌ಸ್ಟ್ರಕ್ಷನ್‌ನಲ್ಲಿ ಏನಿದೆಯೋ ಅಷ್ಟೇ ಪಟ್ಟಿ, ಅಂಗಡಿಯವರದ್ದನ್ನು ಪಕ್ಕಕ್ಕಿಡಿ. ಅದರಲ್ಲೂ 'ತರಲೇಬೇಕು' ಅಂದದ್ದನ್ನು ಮೊದಲು ತನ್ನಿ, ಉಳಿದದ್ದು ಅಲ್ಲೇ ಸಿಗುತ್ತೆ. ನಿಮ್ಮ ಮಗ ಡೆಹ್ರಾಡೂನಿಗೋ ಚೆನ್ನೈಗೋ ಹೋಗುತ್ತಿದ್ದರೆ ತರಬೇತಿ ಹೊತ್ತಿನಲ್ಲೇ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಇದೆ.

ಮಿಲಿಟರಿ ಬಟ್ಟೆ ಇಲ್ಲಿ ಕೊಳ್ಳಲೇಬೇಡಿ. 2022ರ ಜನವರಿ 15ರ ಸೇನಾ ದಿನದಂದು ತೋರಿಸಿದ ಹೊಸ ಕಾಂಬ್ಯಾಟ್ ಸಮವಸ್ತ್ರದ ಬಟ್ಟೆ ಹೊರಗಿನ ಮಾರುಕಟ್ಟೆಗೆ ಅಲ್ಲ, ಇಲ್ಲಿ ತೂಗುಹಾಕಿರುವುದು ನಕಲು. ಟ್ರಂಕು ಸಾಧಾರಣ ತಗಡಿನದ್ದೇ ಸಾಕು, ಬೀಗ ಗಟ್ಟಿ ಇರಲಿ, ಕೀಲಿ ಎರಡಿರಲಿ. ಪ್ರತಿ ಬಟ್ಟೆಗೂ, ಸಾಕ್ಸಿಗೂ, ಶೂ ನಾಲಗೆಯ ಒಳಗೂ ಅಳಿಸದ ಇಂಕಿನಲ್ಲಿ ಹೆಸರು ಬರೆದುಬಿಡಿ. ಅಲ್ಲಿ ಪುಟ್ಟೀ ಪರೇಡ್ ಅಂತ ಮಾಡಿಸುತ್ತಾರೆ, ನಿಮಿಷಗಳಲ್ಲಿ ಒಂದಾದ ಮೇಲೊಂದು ಡ್ರೆಸ್ ಬದಲಾಯಿಸಿ ಬಂದು ನಿಲ್ಲಬೇಕು, ಆಗ ಎಲ್ಲರ ಬಿಳಿ ಬನಿಯನ್ನೂ ಒಂದೇ ಥರ ಕಾಣುತ್ತೆ. ಸೂಜಿ, ದಾರ, ಗುಂಡಿ ಇಡಿ, ಮತ್ತು ಗುಂಡಿ ಹಾಕುವುದನ್ನು ಮಗನಿಗೆ ಈಗಲೇ ಕಲಿಸಿ.

ಪ್ರಶ್ನೆ: ಶೂ ಕನ್ನಡಿ ಥರ ಹೊಳೆಯೋದು ಹೇಗೆ?
— ಓದುಗ, ಶ್ರೀರಂಗಪಟ್ಟಣ

ಉತ್ತರ: ಡಬ್ಬಿಯ ಮೇಣದ ಪಾಲಿಶ್ ತನ್ನಿ, ಚೆರ್ರಿ ಬ್ಲಾಸಮ್ಮೋ 'ಕಿವಿ' (Kiwi) ಕಂಪನಿಯದ್ದೋ ಯಾವುದಾದರೂ ಸರಿ. ನೀರಿನಂಥ ಲಿಕ್ವಿಡ್ ಪಾಲಿಶ್ ಬೇಡ. ಧೂಳು ಪೂರ್ತಿ ಒರೆಸಿ, ಒಂದು ಪದರ ಹಚ್ಚಿ, ಒಣಗಿದ ಮೇಲೆ ಬ್ರಷ್ ಮಾಡಿ. ಆಮೇಲೆ ಹಳೇ ಕಾಟನ್ ಬನಿಯನ್ನಿನ ತುಂಡನ್ನು ಬೆರಳಿಗೆ ಬಿಗಿಯಾಗಿ ಸುತ್ತಿ, ಚೂರು ಪಾಲಿಶ್, ಒಂದು ಹನಿ ತಣ್ಣೀರು, ಸಣ್ಣ ಸಣ್ಣ ಸುತ್ತು. ಮಬ್ಬು ಹೋಗುವವರೆಗೆ ಸುತ್ತಿ ಮತ್ತೆ ಒಂದು ಪದರ. ಮೂತಿ ಮತ್ತು ಹಿಮ್ಮಡಿಗೆ ಮಾತ್ರ ಹೀಗೆ. ಬೆರಳು ಮಡಚುವ ಜಾಗದಲ್ಲಿ ದಪ್ಪ ಕಟ್ಟಿದರೆ ಒಡೆದು ಉದುರುತ್ತೆ. ಒಂದೇ ಕೂರಿನಲ್ಲಿ ಬರುವ ಹೊಳಪಲ್ಲ, ದಿನಾ ಸ್ವಲ್ಪ ಮಾಡಿ.

ಪ್ರಶ್ನೆ: ಬೊಬ್ಬೆ ಬಂದರೆ ಒಡೆಯಬೇಕಾ, ಬಿಡಬೇಕಾ?
— ಓದುಗ, ಮಂಡ್ಯ

ಉತ್ತರ: ಸಣ್ಣದಾಗಿ, ನೋವಿಲ್ಲದೆ ಇದ್ದರೆ ಮುಟ್ಟಬೇಡಿ, ಮೇಲೆ ಟೇಪ್ ಹಾಕಿ. ಅದಕ್ಕೂ ಮುಂಚೆ ಜಾಗ ಬಿಸಿಯಾಗಿ ಉರಿಯುತ್ತೆ ಅಲ್ವಾ, ಟೇಪ್ ಹಾಕೋಕೆ ಅದೇ ಸರಿಯಾದ ಹೊತ್ತು, ಎಲ್ಲರೂ ಮುಂದಿನ ಹಾಲ್ಟ್‌ವರೆಗೆ ತಡೆದುಕೊಳ್ಳೋಣ ಅಂತ ಬಿಟ್ಟುಬಿಡುತ್ತಾರೆ. ದೊಡ್ಡದಾಗಿ, ನಡೆಯೋಕೆ ಆಗದಂತಿದ್ದರೆ ಕೈ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸಿ. ಮೇಲಿನ ಚರ್ಮ ಕೀಳಬೇಡಿ, ಅದೇ ಒಳ್ಳೆಯ ಬ್ಯಾಂಡೇಜು. ಆಂಟಿಸೆಪ್ಟಿಕ್ ಹಚ್ಚಿ ಮುಚ್ಚಿ. ಸಕ್ಕರೆ ಕಾಯಿಲೆ ಇರುವವರು ಮನೆಯಲ್ಲಿ ಇದನ್ನು ಮಾಡಬಾರದು. ಸುತ್ತ ಕೆಂಪು ಹರಡಿದರೆ, ಕೀವು ಕಂಡರೆ, ಜ್ವರ ಬಂದರೆ ಅವತ್ತೇ ಎಂ.ಐ. ರೂಮಿಗೆ (ಅಕಾಡೆಮಿಯ ಚಿಕಿತ್ಸಾ ಕೊಠಡಿ) ಹೋಗಿ ತೋರಿಸಿ. ಮರುದಿನ ರೂಟ್ ಮಾರ್ಚ್ (ದೂರದ ನಡಿಗೆ) ಇದೆ ಅಂತ ಮುಚ್ಚಿಡಬೇಡಿ.