ಮೊಣಕಾಲುದ್ದದ ನೀರು, ಎದೆಯೆತ್ತರದ ಅಲೆ

ವಾಟರ್ ಪಾರ್ಕಿಗೆ ಹೋಗುವವರು ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಜಾರುಬಂಡೆಗಳ ಬಗ್ಗೆ ಬರಬಹುದೆಂದು ಕಾದಿದ್ದೆ, ಬಂದ ಪತ್ರಗಳಲ್ಲಿ ಹೆಚ್ಚಿನವು ವೇವ್ ಪೂಲ್, ಅಂದರೆ ಯಂತ್ರದಿಂದ ಅಲೆ ಎಬ್ಬಿಸುವ ಕೊಳದ ಬಗ್ಗೆ. ನನಗೆ ಅನುಕೂಲವೇ ಆಯಿತು. ಹನ್ನೊಂದು ವರ್ಷ ಒಂದು ಅಲೆಕೊಳದ ಎತ್ತರದ ಕುರ್ಚಿಯಲ್ಲಿ ಸೀಟಿ ಕಚ್ಚಿಕೊಂಡು ಕೂತವರು ನಾವು. ಈಗ ಹೊಸ ಲೈಫ್‌ಗಾರ್ಡ್‌ಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ.

ಪ್ರಶ್ನೆ: ಮಗನಿಗೆ ಎಂಟು ವರ್ಷ. ಈಜುಕೊಳದಲ್ಲಿ ನಿಲ್ಲದೆ ಎರಡು ಸುತ್ತು ಈಜುತ್ತಾನೆ. ಅಲೆಕೊಳದಲ್ಲಿ ಅವನೊಬ್ಬನನ್ನೇ ಬಿಡಬಹುದೇ? ದಡದಲ್ಲಿ ನಾವು ನಾಲ್ಕು ಜನ ದೊಡ್ಡವರು ಇರುತ್ತೇವೆ.

ಬೇಡ. ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಮಗನ ಈಜಲ್ಲ, ಆ 'ನಾಲ್ಕು ಜನ'. ಹತ್ತು ಜನ ಸೇರಿದಲ್ಲಿ ಹಾವು ಸಾಯದು ಅಂತಾರಲ್ಲ, ಹಾಗೆ. ನಾಲ್ಕು ಜನ ನೋಡುತ್ತಿದ್ದಾರೆ ಎಂದರೆ ಪ್ರತಿಯೊಬ್ಬರೂ ಉಳಿದ ಮೂವರು ನೋಡುತ್ತಿದ್ದಾರೆ ಅಂದುಕೊಂಡಿರುತ್ತಾರೆ.

ಈಜುಕೊಳದ ಎರಡು ಸುತ್ತು ಇಲ್ಲಿ ಲೆಕ್ಕಕ್ಕಿಲ್ಲ. ಅಲ್ಲಿ ಉಸಿರು ಯಾವಾಗ ಎಳೆದುಕೊಳ್ಳಬೇಕೆಂದು ನಿರ್ಧರಿಸುವುದು ಮಗು. ಇಲ್ಲಿ ಅಲೆ. ಬಾಯಿ ತೆರೆದ ಹೊತ್ತಿಗೇ ಮುಂದಿನದು ಬಂದು ಮುಖಕ್ಕೆ ಬಡಿಯುತ್ತದೆ. ಸಮುದ್ರದಲ್ಲಾದರೆ ನಾಲ್ಕು ದೊಡ್ಡ ಅಲೆಯ ನಂತರ ಕೊಂಚ ಬಿಡುವು ಇರುತ್ತದೆ, ಉಪ್ಪುನೀರು ಸಿಹಿನೀರಿಗಿಂತ ಶೇಕಡಾ 2.5ರಷ್ಟು ಸಾಂದ್ರವಾಗಿರುವುದರಿಂದ ಮೈ ಸ್ವಲ್ಪ ಹೆಚ್ಚು ತೇಲುತ್ತದೆ. ಕೊಳದ ಯಂತ್ರಕ್ಕೆ ದಣಿವಿಲ್ಲ. ಶುರುವಾದರೆ ಎಷ್ಟೋ ಕಡೆ ಹತ್ತು ನಿಮಿಷ ಒಂದೇ ಸಮನೆ.

ಕುರ್ಚಿ ಹತ್ತಿದ ಮೊದಲ ತಿಂಗಳಲ್ಲೇ ಕಂಡದ್ದನ್ನು ಹೇಳುತ್ತೇನೆ. ಎರಡು ಟ್ಯೂಬ್‌ಗಳ ನಡುವೆ ಸುಮಾರು ಹತ್ತು ವರ್ಷದ ಹುಡುಗಿ. ನೆಟ್ಟಗೆ ನಿಂತಂತಿದ್ದಳು, ತಲೆ ಹಿಂದಕ್ಕೆ ವಾಲಿತ್ತು, ಬಾಯಿ ತೆರೆದಿತ್ತು. ಆಕಾಶ ನೋಡುತ್ತಿದ್ದಾಳೆ ಅನ್ನಿಸಿತು ನನಗೆ. ಅಲೆ ಬಂತು, ಹೋಯಿತು. ಕೂದಲು ಮುಖದ ಮೇಲೆ ಬಿದ್ದಿದ್ದರೂ ಅವಳು ಅದನ್ನು ಸರಿಸಲಿಲ್ಲ. ಅದು ನನ್ನನ್ನು ಎಬ್ಬಿಸಿತು. ಕೈ ಖಾಲಿಯಿದ್ದವರು ಕಣ್ಣ ಮೇಲಿನ ಕೂದಲನ್ನು ಸರಿಸಿಯೇ ಸರಿಸುತ್ತಾರೆ. ಅವಳ ಎರಡೂ ಕೈ ನೀರೊಳಗೆ ಕೆಳಕ್ಕೆ ಒತ್ತುತ್ತಿದ್ದವು, ಇಲ್ಲದ ಏಣಿ ಹತ್ತುವವರ ಹಾಗೆ. ಹಾರಿದೆ. ಅವಳ ತಾಯಿ ಎರಡು ಮಾರು ದೂರದಲ್ಲೇ ನಿಂತು ಫೋಟೊ ತೆಗೆಯುತ್ತಿದ್ದರು. ನಾನು ಹುಡುಗಿಯನ್ನು ಎತ್ತಿಕೊಂಡಾಗಲೂ ನಗುತ್ತಲೇ ಇದ್ದರು. ನಾನು ಆಟವಾಡಿಸುತ್ತಿದ್ದೇನೆ ಅಂದುಕೊಂಡರಂತೆ. ಆ ಫೋಟೊದಲ್ಲಿ ಏನು ಬಿದ್ದಿತ್ತೋ, ನಾನು ಕೇಳಲಿಲ್ಲ.

ಮುಳುಗುವವರು ಸಾಮಾನ್ಯವಾಗಿ ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ. ಉಸಿರಿಗೇ ಬಾಯಿ ಸಾಲದಾಗ ಕೂಗುವುದೆಲ್ಲಿಂದ? ಹೀಗೆ ನೀರಿನ ಮೇಲ್ಮೈಯಲ್ಲಿ ಉಳಿಯಲು ಸಿಗುವ ಸಮಯ 20ರಿಂದ 60 ಸೆಕೆಂಡು. ದಡದ ಕುರ್ಚಿಯಿಂದ ಎದ್ದು, ಚಪ್ಪಲಿ ಬಿಟ್ಟು, ಜನರನ್ನು ಸರಿಸಿಕೊಂಡು ಹೋಗುವಷ್ಟರಲ್ಲಿ ಅದು ಮುಗಿದಿರುತ್ತದೆ.

ಆದ್ದರಿಂದ ನೀರಿಗಿಳಿಯಿರಿ. ಕೈ ಚಾಚಿದರೆ ಮಗನ ತೋಳು ಸಿಗಬೇಕು, ಅಷ್ಟು ಹತ್ತಿರ. ನಾಲ್ಕು ಜನರಲ್ಲಿ ಒಬ್ಬರಿಗೆ ಕಾವಲು, 15 ನಿಮಿಷಕ್ಕೊಮ್ಮೆ ಬದಲಿ. ಬದಲಾಗುವಾಗ "ಇನ್ನು ನೀನು ನೋಡ್ಕೋ" ಎಂದು ಬಾಯಿಬಿಟ್ಟು ಹೇಳಿ, "ಹೂಂ" ಎನ್ನಿಸಿಕೊಂಡೇ ಹೊರಡಿ.

ಪ್ರಶ್ನೆ: ಆಳ ಅಪಾಯವೆಂದು ನಾವು ಮೊಣಕಾಲುದ್ದದ ನೀರಲ್ಲೇ ನಿಂತಿದ್ದೆವು. ಅಲ್ಲೇ ಯಜಮಾನರ ಭುಜದ ಕೀಲು ತಪ್ಪಿತು, ನನ್ನ ಮಂಡಿ ಕಿತ್ತುಹೋಯಿತು. ಇದು ಹೇಗೆ ಸಾಧ್ಯ?

ಕಟ್ಟು ಕಟ್ಟಿಸಿಕೊಂಡು ಬಂದವರಲ್ಲಿ ನಾನು ಹೆಚ್ಚು ಕಂಡದ್ದು ನೀವು ನಿಂತಿದ್ದ ಜಾಗದವರನ್ನೇ. ಆಳದ ಕಡೆಯ ಗೋಡೆಯ ಹಿಂದೆ ಕಾಂಕ್ರೀಟಿನ ಕೋಣೆಗಳಿರುತ್ತವೆ. ದೊಡ್ಡ ಫ್ಯಾನ್‌ಗಳು ಅವುಗಳೊಳಗೆ ಗಾಳಿ ಊದುತ್ತವೆ, ಗಾಳಿ ನೀರನ್ನು ಕೆಳಗಿನ ಬಾಯಿಯಿಂದ ಹೊರಕ್ಕೆ ತಳ್ಳುತ್ತದೆ. ವಾಲ್ವ್ ತೆರೆದರೆ ಗಾಳಿ ಹೊರಟು ನೀರು ವಾಪಸ್. ಈ ಉಸಿರಾಟವೇ ಅಲೆ. ಆಳದಲ್ಲಿ ಅದು ಬರೀ ಉಬ್ಬು, ನಿಮ್ಮನ್ನು ಎತ್ತಿ ಇಳಿಸಿ ಮುಂದಕ್ಕೆ ಹೋಗುತ್ತದೆ. ತಳ ಏರುತ್ತಾ ಬಂದಂತೆ ಅಲೆಯ ಕಾಲು ನೆಲಕ್ಕೆ ಸಿಕ್ಕಿ ನಿಧಾನವಾಗುತ್ತದೆ, ತಲೆ ಮಾತ್ರ ಅದೇ ವೇಗದಲ್ಲಿ ನುಗ್ಗಿ ಮಗುಚುತ್ತದೆ. ಮಗುಚುವ ಜಾಗ ಯಾವುದು ಅಂದರೆ ನಿಮ್ಮ ಮೊಣಕಾಲುದ್ದದ ನೀರು. ಒಂದು ಘನ ಮೀಟರ್ ನೀರು ಒಂದು ಟನ್ ತೂಗುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಆಳದಲ್ಲಿ ಬಿದ್ದವರನ್ನು ನೀರು ಹಿಡಿಯುತ್ತದೆ, ಇಲ್ಲಿ ಸಿಮೆಂಟು ಹಿಡಿಯುತ್ತದೆ. ಕಾಲು ಜಾರದಿರಲೆಂದು ತಳವನ್ನು ಒರಟಾಗಿ ಬಿಟ್ಟಿರುತ್ತಾರೆ, ಮಂಡಿಗೆ ಅದೇ ಉಪ್ಪುಕಾಗದ.

ನಿಮ್ಮ ಯಜಮಾನರು ಬೀಳುವಾಗ ಕೈ ಚಾಚಿ ನೆಲ ಊರಿರುತ್ತಾರೆ, ಬಹುಶಃ ಅಲೆಗೆ ಬೆನ್ನು ಮಾಡಿ ನಿಂತಿರುತ್ತಾರೆ. ಬೆನ್ನು ಮಾಡುವುದು ಎಲ್ಲರ ಚಾಳಿ, ಮುಖಕ್ಕೆ ನೀರು ಬೀಳಬಾರದಲ್ಲ! ಅಲೆಗೆ ಓರೆಯಾಗಿ ನಿಲ್ಲಿ, ಒಂದು ಕಾಲು ಮುಂದೆ, ಮಂಡಿ ಸ್ವಲ್ಪ ಬಾಗಿರಲಿ, ಕಣ್ಣು ಬರುವ ಅಲೆಯ ಮೇಲೆ. ಬೀಳುವುದೇ ಆದರೆ ಗದ್ದವನ್ನು ಎದೆಗೊತ್ತಿ, ಕೈ ಮಡಚಿಕೊಂಡು, ಮೈ ಸಡಿಲ ಬಿಟ್ಟು ಬೀಳಿ. ಸರಿದ ಭುಜವನ್ನು ಅಲ್ಲೇ ಯಾರಾದರೂ 'ಎಳೆದು ಕೂರಿಸುತ್ತೇನೆ' ಅಂದರೆ ಬಿಡಬೇಡಿ. ನರ, ರಕ್ತನಾಳಕ್ಕೆ ಪೆಟ್ಟಾಗಬಹುದು. ಕೈಯನ್ನು ಇದ್ದ ಭಂಗಿಯಲ್ಲೇ ಆನಿಸಿ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಒಬ್ಬ ಹುಡುಗ ಅಲೆಗೆ ತಲೆಕೆಳಗಾಗಿ ಬಿದ್ದ. ನಾವಿಬ್ಬರು ಸ್ನೇಹಿತರು ಅವನನ್ನು ಎತ್ತಿ ದಡಕ್ಕೆ ಹಾಕಿದೆವು. ಲೈಫ್‌ಗಾರ್ಡ್ ನಮಗೇ ಬೈದ. ಉಪಕಾರ ಮಾಡಿದ್ದು ತಪ್ಪೇ?

ಬೈದದ್ದಕ್ಕೆ ಅವನ ಪರವಾಗಿ ಕ್ಷಮೆ ಕೇಳುತ್ತೇನೆ. ಆದರೆ ಅವನ ಗಾಬರಿ ನನಗೆ ಅರ್ಥವಾಗುತ್ತದೆ. ತಲೆ ನೆಲಕ್ಕೆ ಬಡಿದವರ ಕತ್ತಿನ ಮೂಳೆ ಮುರಿದಿರಬಹುದು. ಕಂಕುಳಿಗೆ ಕೈ ಹಾಕಿ ಎತ್ತಿದಾಗ ತಲೆ ಜೋತು ಬಿದ್ದರೆ, ಅಲ್ಲಿಯತನಕ ಸರಿಯಿದ್ದ ಬೆನ್ನುಹುರಿಗೂ ಪೆಟ್ಟಾದೀತು. ಅವನನ್ನು ಅಂಗಾತ ತಿರುಗಿಸಿ, ಮುಖ ಮೇಲಿರಿಸಿ, ತಲೆ ಕತ್ತು ಬೆನ್ನು ಒಂದೇ ಗೆರೆಯಲ್ಲಿರುವಂತೆ ನೀರಲ್ಲೇ ತೇಲಿಸಿ ಹಿಡಿಯಬೇಕು. ನೀರಿಗಿಂತ ಮೆತ್ತನೆಯ ಸ್ಟ್ರೆಚರ್ ಇಲ್ಲ. ಅಲೆ ನಿಲ್ಲಿಸಲು ಕೂಗಿ, ಮಲಗಿಸಿ ಸಾಗಿಸುವ ಹಲಗೆ ಬರುವವರೆಗೆ ಹಾಗೇ ಇರಿ.

ಇದಕ್ಕೊಂದೇ ಅಪವಾದ: ಉಸಿರಾಡದಿದ್ದರೆ ಕತ್ತಿನ ಲೆಕ್ಕ ಆಮೇಲೆ, ಮೊದಲು ದಡಕ್ಕೆ. ಹೊಟ್ಟೆ ಒತ್ತಿ ನೀರು ಕಕ್ಕಿಸುವ ಸಿನಿಮಾ ಪದ್ಧತಿ ಬೇಡ. ಅದರಿಂದ ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ, ಸಮಯವೂ ಹಾಳು. ಮುಳುಗಿದವರಿಗೆ ಮೊದಲು ಬೇಕಾದ್ದು ಉಸಿರು. ಬಾಯಿಗೆ ಬಾಯಿಟ್ಟು ಗಾಳಿ ಊದಿ, ಆಮೇಲೆ ಎದೆ ಒತ್ತಲು ಶುರು ಮಾಡಿ. ಇದನ್ನು ಓದಿ ಕಲಿಯಲಾಗದು. ಒಂದು ದಿನ ಬಿಡುವು ಮಾಡಿಕೊಂಡು ತರಬೇತಿಗೆ ಹೋಗಿ ಬನ್ನಿ.

ಪ್ರಶ್ನೆ: ಕೊಳದ ಅಲೆ ಸುನಾಮಿಯಂತೆ ಎದ್ದು ಜನರನ್ನು ಎತ್ತಿ ಎಸೆಯುವ ವಿಡಿಯೊ ನೋಡಿದೆ. ಅದು ನಿಜವೇ?

ನಿಜ. 2019ರ ಜುಲೈ 29ರಂದು ಚೀನಾದ ಜಿಲಿನ್ ಪ್ರಾಂತ್ಯದ ಲಾಂಗ್‌ಜಿಂಗ್‌ನಲ್ಲಿ ನಡೆದದ್ದು, 44 ಜನಕ್ಕೆ ಗಾಯವಾಯಿತು. ಯಂತ್ರ ನಡೆಸುವವನು ಕುಡಿದಿದ್ದ ಎಂಬ ಸುದ್ದಿಯೇ ವಿಡಿಯೊದ ಜೊತೆ ಹೆಚ್ಚು ಓಡಾಡಿತು. ಅಲ್ಲಿಯ ಅಧಿಕಾರಿಗಳು ಹೇಳಿದ್ದು ಬೇರೆ: ವಿದ್ಯುತ್ ಕಡಿತದಿಂದ ನಿಯಂತ್ರಣ ಕೊಠಡಿಯ ಉಪಕರಣ ಕೆಟ್ಟು ಅಲೆ ಅಷ್ಟೆತ್ತರ ಎದ್ದಿತು.

ಅಂಥದ್ದು ಅಪರೂಪ. ಜರ್ಮನಿಯ ರಾಡೆಬ್ಯೂಲ್‌ನಲ್ಲಿ 1912ರಲ್ಲಿ ಕೂರಿಸಿದ ಅಲೆಯಂತ್ರ ನೂರು ವರ್ಷ ದಾಟಿದ ಮೇಲೂ ಓಡಿದೆ. ನಿಮಗೆ ಉಪಯೋಗವಾಗುವ ಸಂಗತಿ ಇನ್ನೊಂದಿದೆ. ತುರ್ತು ಗುಂಡಿ ಒತ್ತಿದರೆ ಫ್ಯಾನ್ ನಿಲ್ಲುತ್ತದೆ, ಅಲೆ ತಕ್ಷಣ ನಿಲ್ಲುವುದಿಲ್ಲ. ಎದ್ದ ನೀರು ಗೋಡೆಯಿಂದ ಗೋಡೆಗೆ ಬಡಿದು ಶಾಂತವಾಗಲು ಹೊತ್ತು ಬೇಕು. "ನಿಲ್ಲಿಸಿದರಲ್ಲ" ಎಂದು ಮಗುವಿನ ಕೈ ಬಿಡಬೇಡಿ. ಅಲೆಕೋಣೆಯ ಗೋಡೆಗೂ ಅದರ ಮುಂದೆ ಕಟ್ಟಿದ ಹಗ್ಗಕ್ಕೂ ನಡುವೆ ಯಾರನ್ನೂ ಬಿಡದಿರುವುದು ನಮ್ಮ ದರ್ಪವಲ್ಲ, ಆ ಗೋಡೆಯ ಬಾಯಿಗಳಲ್ಲಿ ನೀರಿನ ಸೆಳೆತ ಜೋರು.

ಪ್ರಶ್ನೆ: ಟ್ಯೂಬ್ ಇದ್ದರೆ ಸಾಕಲ್ಲವೇ? ಲೈಫ್ ಜಾಕೆಟ್ ಹಾಕಿಕೊಳ್ಳಲು ಮಗಳು ಒಪ್ಪುವುದಿಲ್ಲ.

ಟ್ಯೂಬ್ ಆಟಿಕೆ. ಅದು ಮಗುಚಿದರೆ ಮಗು ಕೆಳಗೆ, ಟ್ಯೂಬ್ ಮೇಲೆ. ಟ್ಯೂಬ್‌ಗಳು ಒತ್ತೊತ್ತಾಗಿ ಸೇರಿದಾಗ ನೀರಿಗೊಂದು ಮುಚ್ಚಳ ಬಿದ್ದ ಹಾಗೆ. ಕೆಳಗಿನಿಂದ ಮೇಲೇಳಲೂ ಆಗದು, ಮೇಲಿನಿಂದ ನಮಗೆ ಕಾಣುವುದೂ ಇಲ್ಲ. ಗಾಳಿ ತುಂಬಿದ ತೋಳುಪಟ್ಟಿಯನ್ನೂ ನಂಬಬೇಡಿ. ಜಾಕೆಟ್ ಅಳತೆಗೆ ಸರಿಯಾಗಿರಲಿ: ಎಲ್ಲ ಬಕಲ್ ಹಾಕಿ ಭುಜದ ಬಳಿ ಹಿಡಿದು ಮೇಲಕ್ಕೆತ್ತಿ, ಅದು ಕಿವಿಯವರೆಗೆ ಏರಿದರೆ ಚಿಕ್ಕದು ತೆಗೆದುಕೊಳ್ಳಿ. ಒಪ್ಪದಿದ್ದರೆ ಅಲೆಯೂ ಇಲ್ಲ ಅನ್ನಿ. ಐದು ನಿಮಿಷ ಅಳುತ್ತಾಳೆ.

ಪ್ರಶ್ನೆ: ಮಗ ನೀರು ಕುಡಿದು ಕೆಮ್ಮಿದ. 'ಡ್ರೈ ಡ್ರೌನಿಂಗ್' ಆಗಿ ವಾರದ ನಂತರವೂ ಸಾಯಬಹುದೆಂದು ಓದಿ ನಿದ್ದೆ ಬರುತ್ತಿಲ್ಲ.

ಮಲಗಿ. ಆ ಪದವನ್ನು ತಜ್ಞ ವೈದ್ಯರು ಬಳಸುವುದನ್ನೇ ಬಿಟ್ಟಿದ್ದಾರೆ. ಚೆನ್ನಾಗಿ ಆಡಿಕೊಂಡಿದ್ದ ಮಗು ವಾರದ ನಂತರ ಏಕಾಏಕಿ ನೀರಿನಿಂದ ಸಾಯುವುದಿಲ್ಲ. ನೀರು ಶ್ವಾಸಕೋಶಕ್ಕೆ ಹೋಗಿದ್ದರೆ ಕೆಲವು ಗಂಟೆಗಳಲ್ಲೇ ಗೊತ್ತಾಗುತ್ತದೆ: ನಿಲ್ಲದ ಕೆಮ್ಮು, ಏದುಸಿರು, ಬಾಯಲ್ಲಿ ನೊರೆ, ವಿಪರೀತ ಮಂಪರು. ಇವುಗಳಲ್ಲಿ ಒಂದಿದ್ದರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಓಡಿ.

ಪ್ರಶ್ನೆ: ಕ್ಲೋರಿನ್ ವಾಸನೆ ಗಾಢವಾಗಿದ್ದರೆ ನೀರು ಶುದ್ಧ ಎಂದರ್ಥವೇ?

ತಿರುಗಾಮುರುಗಾ. ಆ ಘಾಟು ಬರುವುದು ಕ್ಲೋರಿನ್ ಬೆವರು, ಮೂತ್ರದ ಜೊತೆ ಸೇರಿ ಹುಟ್ಟುವ ಕ್ಲೋರಮೈನ್‌ನಿಂದ. ಕಣ್ಣು ಉರಿಸುವುದೂ ಅದೇ. ಇಳಿಯುವ ಮುನ್ನ ಸ್ನಾನ ಮಾಡಿ. ಭೇದಿಯಾದವರು ಎರಡು ವಾರ ಕೊಳದ ಕಡೆ ಬರಬೇಡಿ, ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಕ್ಲೋರಿನ್ ನೀರಲ್ಲೂ ವಾರಕ್ಕಿಂತ ಹೆಚ್ಚು ಬದುಕಬಲ್ಲದು.

ಪ್ರಶ್ನೆ: ಲೈಫ್‌ಗಾರ್ಡ್‌ಗಳು ಕಪ್ಪು ಕನ್ನಡಕ ಹಾಕಿಕೊಂಡು ಬೊಂಬೆ ಹಾಗೆ ಕೂತಿರುತ್ತಾರೆ. ನಿಜಕ್ಕೂ ನೋಡುತ್ತಾರೆಯೇ?

ಈ ಪ್ರಶ್ನೆಗಾಗಿಯೇ ಕಾದಿದ್ದೆ! ಆ ಕನ್ನಡಕ ಪೋಲರಾಯ್ಡ್, ನೀರಿನ ಮೇಲಿನ ಬಿಸಿಲ ಹೊಳಪು ಕಳೆದು ತಳ ಕಾಣಿಸಲಿಕ್ಕೆ. ನಮಗೆ ಕಲಿಸುವುದು ಹತ್ತು–ಇಪ್ಪತ್ತರ ಲೆಕ್ಕ: ತನ್ನ ಪಾಲಿನ ನೀರಲ್ಲಿ ಯಾರಿಗಾದರೂ ತೊಂದರೆಯಾದರೆ 10 ಸೆಕೆಂಡಿನಲ್ಲಿ ಗುರುತಿಸಬೇಕು, ಮುಂದಿನ 20 ಸೆಕೆಂಡಿನಲ್ಲಿ ಮುಟ್ಟಬೇಕು. ಸೈರನ್ ಕೂಗಿ ಅಲೆ ಶುರುವಾದೊಡನೆ ಜನವೆಲ್ಲ ಹೋ ಎಂದು ಒಟ್ಟಿಗೆ ನುಗ್ಗುತ್ತದಲ್ಲ, ಆ ಮೊದಲ ಎರಡು ನಿಮಿಷ ನನಗೆ ಕೆಮ್ಮಲೂ ಭಯವಾಗುತ್ತಿತ್ತು. ಒಂದು ಅಲೆ ಏರಿದರೆ ಅದರ ಹಿಂದಿನ ಆರು ತಲೆ ಮರೆ, ಇಳಿದಾಗ ಆರೂ ಇವೆಯೇ ಎಂದು ಎಣಿಸಬೇಕು, ಅಷ್ಟರಲ್ಲಿ ಇನ್ನೊಂದು ಏರಿರುತ್ತದೆ. ಕಣ್ಣು ಸೋಲುತ್ತದೆಂದೇ ಸ್ವಲ್ಪ ಸ್ವಲ್ಪ ಹೊತ್ತಿಗೆ ಜಾಗ ಬದಲಾಯಿಸುತ್ತೇವೆ.

ಕುರ್ಚಿಯಲ್ಲಿರುವವರು ಫೋನ್ ನೋಡುತ್ತಿದ್ದರೆ ನೀವು ನೀರಿನಿಂದ ಎದ್ದು ಬನ್ನಿ, ವ್ಯವಸ್ಥಾಪಕರಿಗೆ ದೂರು ಕೊಡಿ. ನೀರು ನೋಡುತ್ತಿದ್ದರೆ ಮಾತನಾಡಿಸಬೇಡಿ. ಲಾಕರ್ ಎಲ್ಲಿ, ಟಾಯ್ಲೆಟ್ ಎಲ್ಲಿ, ಮುಂದಿನ ಅಲೆ ಎಷ್ಟು ಹೊತ್ತಿಗೆ ಎಂದು ಹನ್ನೊಂದು ವರ್ಷ ಜನ ನನ್ನನ್ನು ಕೇಳಿದ್ದಾರೆ. ಟಿಕೆಟ್ ಕೌಂಟರಿನಲ್ಲಿ ಕೇಳಿ. ಅಲ್ಲಿ ಕೂತವರು ಒಂದು ಸಲ ತಲೆ ತಿರುಗಿಸಿದರೆ ಯಾರಿಗೂ ಏನೂ ಆಗುವುದಿಲ್ಲ.